ಹಾಜರಿ ಪಟ್ಟಿಯಲ್ಲಿ ಮೂವರು ಗವಿಸಿದ್ದಪ್ಪ

ಕೊಪ್ಪಳದ ಒಂದು ಪ್ರೌಢಶಾಲೆಯಲ್ಲಿ ಬೆಳಗಿನ ಹಾಜರಿ ತೆಗೆಯುವ ಹೊತ್ತು ಎಂದುಕೊಳ್ಳಿ. ಶಿಕ್ಷಕರು 'ಗವಿಸಿದ್ದಪ್ಪ' ಎಂದು ಕೂಗಿದ ಕೂಡಲೇ ತರಗತಿಯ ಮೂರು ಮೂಲೆಗಳಿಂದ 'ಹಾಜರ್ ಸರ್' ಎಂಬ ಉತ್ತರ ಬಂದರೆ ಯಾರೂ ನಗುವುದಿಲ್ಲ. ಊರಿನಲ್ಲಿ ಗವಿಮಠವಿದೆ, ಗವಿಸಿದ್ಧೇಶ್ವರನ ಹೆಸರನ್ನು ಮಕ್ಕಳಿಗೆ ಇಡುವುದು ಮನೆಮನೆಯ ರೂಢಿ. ಹುಲಿಗಿಯ ಕಡೆ ಹೋದರೆ ಹುಲಿಗೆಮ್ಮ ಎಂಬ ಹೆಸರಿನ ಹುಡುಗಿಯರು, ಗಂಗಾವತಿಯ ಅಂಜನಾದ್ರಿಯ ಸುತ್ತ ಹನುಮಂತಪ್ಪ, ಮಾರುತಿ ಎಂಬ ಹುಡುಗರು. ಒಂದೇ ಹೆಸರಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವುದು ಈ ಭಾಗದಲ್ಲಿ ನಿತ್ಯದ ಮಾತು.

ಶಿಕ್ಷಕರಿಗೆ ಇದರಿಂದ ತೊಂದರೆಯಿಲ್ಲ. ಒಬ್ಬನ ಮುಂದೆ ತಂದೆಯ ಹೆಸರು, ಇನ್ನೊಬ್ಬನ ಮುಂದೆ ಮನೆತನದ ಹೆಸರು ಸೇರಿಸಿ ಕೂಗುತ್ತಾರೆ. ಮುಖ ನೋಡಿದರೆ ಗುರುತು ಸಿಗುತ್ತದೆ. ಆದರೆ ಇದೇ ಹಾಜರಿ ಪಟ್ಟಿ ಕಂಪ್ಯೂಟರಿಗೆ ಹೋದಾಗ ಏನಾಗುತ್ತದೆ? ಕಂಪ್ಯೂಟರಿಗೆ ಮುಖ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅಕ್ಷರಗಳು ಮಾತ್ರ. ಆ ಅಕ್ಷರಗಳನ್ನು ಎಂಥ ಪಾತ್ರೆಯಲ್ಲಿ ತುಂಬಿಡಲಾಗಿದೆ ಎಂಬುದರ ಮೇಲೆ ಮೂವರು ಗವಿಸಿದ್ದಪ್ಪರೂ ಉಳಿಯುತ್ತಾರೋ ಇಬ್ಬರು ಸದ್ದಿಲ್ಲದೆ ಮಾಯವಾಗುತ್ತಾರೋ ಎಂಬುದು ನಿರ್ಧಾರವಾಗುತ್ತದೆ. ಈ ಪಾತ್ರೆಗಳ ವಿಚಾರವೇ ಈ ವಾರದ ವಿಷಯ.

ಉದಾಹರಣೆಗೆ ತೆಗೆದುಕೊಂಡಿರುವುದು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ. ಬ್ರೆಂಡನ್ ಐಕ್ ಎಂಬ ತಂತ್ರಜ್ಞ 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ಇದರ ಮೊದಲ ರೂಪವನ್ನು ಕೇವಲ 10 ದಿನಗಳಲ್ಲಿ ಸಿದ್ಧಪಡಿಸಿದರು. ಈ ಭಾಷೆಯ ನಿಯಮಗಳನ್ನು ಮೊದಲ ಬಾರಿಗೆ ಒಂದು ಪ್ರಮಾಣಿತ ಗ್ರಂಥವಾಗಿ ಹೊರತಂದದ್ದು 1997ರ ಜೂನ್ ತಿಂಗಳಲ್ಲಿ. ಅದೇ ವರ್ಷದ ಆಗಸ್ಟ್ 24ರಂದು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ಹುಟ್ಟಿತು. ಒಂದರ್ಥದಲ್ಲಿ ಎರಡೂ ಒಂದೇ ಓರಗೆಯವು. ಇಂದು ಬ್ರೌಸರ್ ಇರುವ ಪ್ರತಿ ಕಂಪ್ಯೂಟರಿನಲ್ಲೂ ಈ ಭಾಷೆ ಇದೆ. ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಎಫ್-12 ಗುಂಡಿ ಒತ್ತಿ, 'ಕನ್ಸೋಲ್' ಎಂಬ ಭಾಗಕ್ಕೆ ಹೋದರೆ ಕೆಳಗಿನದನ್ನೆಲ್ಲ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಆಜ್ಞೆಯ ಪದಗಳನ್ನು ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನಷ್ಟೇ ಕೊಟ್ಟಿದೆ. ಉಳಿದ ಹೆಸರುಗಳನ್ನು ಕನ್ನಡದಲ್ಲೇ ಬರೆದರೂ ಈ ಭಾಷೆ ಒಪ್ಪಿಕೊಳ್ಳುತ್ತದೆ.

ಮೊದಲ ಪಾತ್ರೆ: ಪಟ್ಟಿ

ಜಾವಾಸ್ಕ್ರಿಪ್ಟಿನಲ್ಲಿ ಪಟ್ಟಿಗೆ 'ಅರೇ' ಎನ್ನುತ್ತಾರೆ. ಚೌಕ ಆವರಣದೊಳಗೆ ಅಲ್ಪವಿರಾಮ ಹಾಕಿ ಬರೆದರೆ ಪಟ್ಟಿ ಸಿದ್ಧ.

ತಾಲ್ಲೂಕುಗಳು = ["ಕೊಪ್ಪಳ", "ಗಂಗಾವತಿ", "ಕುಷ್ಟಗಿ", "ಯಲಬುರ್ಗಾ"]

ಜಿಲ್ಲೆ ಹುಟ್ಟಿದಾಗ ಇದ್ದ ನಾಲ್ಕು ತಾಲ್ಲೂಕುಗಳು ಇವು. ಪಟ್ಟಿಗೆ ಎರಡು ಗುಣಗಳಿವೆ. ಒಂದು, ಅದು ಅನುಕ್ರಮವನ್ನು ಕಾಪಾಡುತ್ತದೆ. ಎರಡು, ಒಂದೇ ವಸ್ತು ಎಷ್ಟು ಸಲ ಬಂದರೂ ಅಷ್ಟು ಸಲವೂ ಇಟ್ಟುಕೊಳ್ಳುತ್ತದೆ. ಎಣಿಕೆ ಮಾತ್ರ ಸೊನ್ನೆಯಿಂದ ಶುರು. 'ತಾಲ್ಲೂಕುಗಳು[0]' ಎಂದು ಕೇಳಿದರೆ ಕೊಪ್ಪಳ, 'ತಾಲ್ಲೂಕುಗಳು[3]' ಎಂದರೆ ಯಲಬುರ್ಗಾ. ನಾಲ್ಕು ಊರುಗಳಿವೆಯಲ್ಲ ಎಂದು '[4]' ಕೇಳಿದರೆ 'ಅನ್‌ಡಿಫೈನ್ಡ್', ಅಂದರೆ 'ಏನೂ ಇಲ್ಲ' ಎಂಬ ಉತ್ತರ ಬರುತ್ತದೆ. ಕಂಪ್ಯೂಟರ್ ಗದರುವುದಿಲ್ಲ, ತಪ್ಪು ಎಂದು ತೋರಿಸುವುದೂ ಇಲ್ಲ. ಹೊಸಬರು ಎಡವುವ ಮೊದಲ ಕಲ್ಲು ಇದು.

ಅನುಕ್ರಮ ಬೇಕಾದ ಕಡೆ ಪಟ್ಟಿಯೇ ಬೇಕು. ಕೊಪ್ಪಳದಲ್ಲಿ ರೈಲು ಹತ್ತಿ ಹೊಸಪೇಟೆಗೆ ಹೋಗುವವರಿಗೆ ಗಿಣಿಗೇರಾ ಮೊದಲು ಬರುತ್ತದೆ, ಮುನಿರಾಬಾದ್ ಆಮೇಲೆ ಬರುತ್ತದೆ. ಈ ಕ್ರಮ ಕೆಟ್ಟರೆ ಹೆಸರುಗಳು ಉಳಿಯುತ್ತವೆ, ದಾರಿ ಉಳಿಯುವುದಿಲ್ಲ.

ಪುನರಾವೃತ್ತಿಯೂ ಬೇಕಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭತ್ತದ ಕಣಜ. ಅಲ್ಲಿನ ಮಾರುಕಟ್ಟೆಗೆ ಒಂದು ಬೆಳಗ್ಗೆ 120, 80, 120, 95 ಚೀಲಗಳ ನಾಲ್ಕು ಲೋಡು ಬಂದವು ಎನ್ನೋಣ. ಒಟ್ಟು 415 ಚೀಲ. '120 ಆಗಲೇ ಬರೆದಾಯಿತು, ಮತ್ತೆ ಯಾಕೆ' ಎಂದು ಎರಡನೆಯದನ್ನು ಬಿಟ್ಟುಬಿಡುವ ಪಾತ್ರೆಯಲ್ಲಿ ಇದನ್ನು ತುಂಬಿದರೆ ಲೆಕ್ಕ 295ಕ್ಕೆ ಇಳಿಯುತ್ತದೆ. ಒಬ್ಬ ರೈತನ 120 ಚೀಲ ಕಾಗದದಿಂದ ಹಾರಿಹೋಗುತ್ತದೆ.

ಕುಷ್ಟಗಿಯ ಮಳೆಯ ಲೆಕ್ಕ ಇನ್ನೂ ವಿಚಿತ್ರ. ಅದು ಒಣಬೇಸಾಯದ ನೆಲ. ಒಂದು ವಾರದ ಮಳೆ ಮಿಲಿಮೀಟರುಗಳಲ್ಲಿ 0, 0, 12, 0, 0, 0, 9 ಎಂದು ಊಹಿಸಿಕೊಳ್ಳಿ. ಒಟ್ಟು 21, ಏಳು ದಿನಗಳಿಗೆ ಹಂಚಿದರೆ ದಿನಕ್ಕೆ ಸರಾಸರಿ 3. ಪುನರಾವೃತ್ತಿಯನ್ನು ತೆಗೆದುಹಾಕಿದರೆ ಉಳಿಯುವುದು 0, 12, 9. ಒಟ್ಟು ಅದೇ 21, ಆದರೆ ಹಂಚುವುದು ಮೂರಕ್ಕೆ, ಸರಾಸರಿ 7! ಮಳೆಯಿಲ್ಲದ ನಾಲ್ಕು ದಿನಗಳನ್ನು ಅಳಿಸಿದ ಮಾತ್ರಕ್ಕೆ ಬರದ ನೆಲ ತೇವದ ನೆಲವಾಗಿ ಕಾಣುತ್ತದೆ. ಸೊನ್ನೆ ಎಂದರೆ ಏನೂ ಇಲ್ಲ ಎಂದಲ್ಲ. ಅದೂ ಒಂದು ದಿನದ ಸಾಕ್ಷಿ.

ಪಟ್ಟಿಗೂ ತನ್ನದೇ ಹೊಂಡಗಳಿವೆ. ಮೂವರು ವಿದ್ಯಾರ್ಥಿಗಳ ಅಂಕಗಳು 85, 9, 100 ಎಂದಿರಲಿ. ಇದನ್ನು ಕ್ರಮವಾಗಿ ಜೋಡಿಸಲು 'ಸಾರ್ಟ್' ಎಂಬ ಆಜ್ಞೆ ಕೊಟ್ಟರೆ ಬರುವ ಉತ್ತರ 100, 85, 9. ಇದು ಇಳಿಕೆಯ ಕ್ರಮ ಎಂದು ಹಿಗ್ಗಬೇಡಿ. ಬೇರೆ ಹೇಳದಿದ್ದರೆ 'ಸಾರ್ಟ್' ಸಂಖ್ಯೆಗಳನ್ನು ಪದಗಳಂತೆ ಹೋಲಿಸಿ ಏರಿಕೆಯ ಕ್ರಮದಲ್ಲಿ ಇಡುತ್ತದೆ. ನಿಘಂಟಿನಲ್ಲಿ 'ಅ' ಮೊದಲು ಬರುವಂತೆ 1ರಿಂದ ಶುರುವಾಗುವ 100 ಮೊದಲು, 8ರಿಂದ ಶುರುವಾಗುವ 85 ಆಮೇಲೆ, 9 ಕೊನೆಗೆ. 'ಏರಿಕೆಯ ಕ್ರಮ ಬಂದಿದೆ, ತಿರುಗಿಸಿದರೆ ರ‍್ಯಾಂಕ್ ಪಟ್ಟಿ ಸಿಗುತ್ತದೆ' ಎಂದು ನಂಬಿ 'ರಿವರ್ಸ್' ಮಾಡಿದವರಿಗೆ 9 ಅಂಕದ ಹುಡುಗ ಮೊದಲನೆಯವನಾಗಿಯೂ 100 ಅಂಕದ ಹುಡುಗಿ ಕೊನೆಯವಳಾಗಿಯೂ ಸಿಗುತ್ತಾರೆ. ಹೆಚ್ಚಿನ ಅಂಕ ಮೊದಲು ಬರಬೇಕಾದರೆ ಹೋಲಿಸುವ ವಿಧಾನವನ್ನೂ ಹೇಳಿಕೊಡಬೇಕು:

ಅಂಕಗಳು.ಸಾರ್ಟ್((ಅ, ಆ) => ಆ - ಅ)

ಇನ್ನೊಂದು ಎಚ್ಚರಿಕೆ. 'ಸಾರ್ಟ್' ಮತ್ತು 'ರಿವರ್ಸ್' ಎರಡೂ ಮೂಲ ಪಟ್ಟಿಯನ್ನೇ ಬದಲಾಯಿಸಿಬಿಡುತ್ತವೆ. ಹಾಜರಿ ಕ್ರಮದಲ್ಲಿದ್ದ ಪಟ್ಟಿ ಬೇಕೆಂದರೆ ಮತ್ತೆ ಸಿಗುವುದಿಲ್ಲ. 2023ರ ಆವೃತ್ತಿಯಲ್ಲಿ ಬಂದ 'ಟುಸಾರ್ಟೆಡ್', 'ಟುರಿವರ್ಸ್ಡ್' ಎಂಬ ಆಜ್ಞೆಗಳು ಮೂಲವನ್ನು ಮುಟ್ಟದೆ ಹೊಸ ಪಟ್ಟಿಯನ್ನು ಕೊಡುತ್ತವೆ.

ಎರಡನೆಯ ಪಾತ್ರೆ: ಗಣ

ಗಣಗಳ ಪರಿಚಯ ವಿದ್ಯಾರ್ಥಿಗಳಿಗೆ ಗಣಿತದ ಪುಸ್ತಕದಿಂದ ಇದ್ದೇ ಇದೆ. ಪಿಯುಸಿ ಮೊದಲ ವರ್ಷದ ಗಣಿತ ತೆರೆದುಕೊಳ್ಳುವುದೇ ಗಣಗಳಿಂದ. ಜರ್ಮನಿಯಲ್ಲಿ ಕೆಲಸ ಮಾಡಿದ ಗಣಿತಜ್ಞ ಗೇಯಾರ್ಗ್ ಕ್ಯಾಂಟರ್ 1870ರ ದಶಕದಲ್ಲಿ ಈ ವಿಚಾರಕ್ಕೆ ಬುನಾದಿ ಹಾಕಿದರು. ಗಣದಲ್ಲಿ ಒಂದು ವಸ್ತು ಇದೆಯೇ ಇಲ್ಲವೇ ಎಂಬುದಷ್ಟೇ ಮುಖ್ಯ. ಎಷ್ಟು ಸಲ ಇದೆ ಎಂಬ ಪ್ರಶ್ನೆಗೆ ಅಲ್ಲಿ ಅರ್ಥವಿಲ್ಲ. ಜಾವಾಸ್ಕ್ರಿಪ್ಟಿಗೆ ಈ ಪಾತ್ರೆ 2015ರಲ್ಲಿ 'ಸೆಟ್' ಎಂಬ ಹೆಸರಿನಿಂದ ಬಂತು. ಗಣಿತದ ಗಣಕ್ಕೆ ಅನುಕ್ರಮವಿಲ್ಲ. ಜಾವಾಸ್ಕ್ರಿಪ್ಟಿನ ಸೆಟ್ ಮಾತ್ರ ಯಾರು ಮೊದಲು ಸೇರಿದರು ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ.

ಸೆಟ್ಟಿನ ಬಲ ಎರಡು ಕಡೆ ಕಾಣುತ್ತದೆ. ಮೊದಲನೆಯದು, ನಕಲುಗಳನ್ನು ತೆಗೆಯುವುದು. ವಸತಿ ನಿಲಯದ ನೂರು ಮಕ್ಕಳು ತಮ್ಮ ತಮ್ಮ ತಾಲ್ಲೂಕಿನ ಹೆಸರು ಬರೆದುಕೊಟ್ಟರೆ, ಆ ನೂರು ಚೀಟಿಗಳನ್ನು ಸೆಟ್ಟಿಗೆ ಹಾಕಿದ ಕ್ಷಣ ಯಾವ ಯಾವ ತಾಲ್ಲೂಕಿನವರಿದ್ದಾರೆ ಎಂಬುದು ತಿಳಿಯುತ್ತದೆ.

ಎರಡನೆಯದು ವೇಗ. 2011ರ ಜನಗಣತಿಯ ಪ್ರಕಾರ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ಇಷ್ಟೂ ಜನರಿಗೆ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿಯಲ್ಲಿ ಬರೆದು, ಒಂದು ಸಂಖ್ಯೆ ಇದೆಯೇ ಎಂದು ಕೇಳಿದರೆ ಕಂಪ್ಯೂಟರ್ ಮೊದಲಿನಿಂದ ಒಂದೊಂದನ್ನೇ ನೋಡುತ್ತ ಹೋಗುತ್ತದೆ. ಹುಡುಕುತ್ತಿರುವುದು ಕೊನೆಯಲ್ಲಿದ್ದರೆ ಸುಮಾರು 14 ಲಕ್ಷ ಹೋಲಿಕೆ. ಸೆಟ್ ಹಾಗಲ್ಲ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ಊರುವಾರು ಗೂಡುಗಳಿಗೆ ಹಾಕಿಡುತ್ತಾರಲ್ಲ, ಅದೇ ಬಗೆಯಲ್ಲಿ ಪ್ರತಿ ವಸ್ತುವಿನಿಂದ ಒಂದು ಗೂಡಿನ ಸಂಖ್ಯೆಯನ್ನು ಲೆಕ್ಕಹಾಕಿ ಅಲ್ಲಿ ಇಡುತ್ತದೆ. 'ಹ್ಯಾಸ್' ಎಂಬ ಆಜ್ಞೆ ಕೊಟ್ಟಾಗ ನೇರವಾಗಿ ಆ ಗೂಡಿಗೇ ಕೈ ಹಾಕುತ್ತದೆ.

ಇಷ್ಟು ಒಳ್ಳೆಯ ಪಾತ್ರೆಯಲ್ಲಿ ಹಾಜರಿ ಪುಸ್ತಕವನ್ನು ತುಂಬಿದರೆ? 42 ಮಕ್ಕಳ ತರಗತಿ. ಅದರಲ್ಲಿ ಮೂವರು ಗವಿಸಿದ್ದಪ್ಪ, ಇಬ್ಬರು ಹುಲಿಗೆಮ್ಮ. ಉಳಿದವರ ಹೆಸರು ಬೇರೆ ಬೇರೆ. ಹೆಸರುಗಳನ್ನು ಸೆಟ್ಟಿಗೆ ಹಾಕಿ 'ಸೈಜ್' ಎಷ್ಟು ಎಂದು ಕೇಳಿದರೆ 39 ಎಂಬ ಉತ್ತರ ಬರುತ್ತದೆ. ಮೂವರು ಮಕ್ಕಳು ಇಲ್ಲವಾದರು. ತೆರೆಯ ಮೇಲೆ ಕೆಂಪು ಅಕ್ಷರ ಬರುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಕಂಪ್ಯೂಟರ್ ತಪ್ಪು ಮಾಡಿತೇ? ಇಲ್ಲ. ಅದನ್ನು ಕೇಳಿದ್ದು 'ಎಷ್ಟು ಮಕ್ಕಳು' ಎಂದಲ್ಲ, 'ಎಷ್ಟು ಬಗೆಯ ಹೆಸರು' ಎಂದು. ಅದಕ್ಕೆ 39 ಎಂಬುದೇ ಸರಿಯಾದ ಉತ್ತರ.

ಹೆಸರೊಂದೇ ಸಾಲದು, ಹೆಸರು, ತಂದೆಯ ಹೆಸರು, ಊರು ಎಲ್ಲ ಸೇರಿದ ಪೂರ್ಣ ದಾಖಲೆಯನ್ನೇ ಸೆಟ್ಟಿಗೆ ಹಾಕಿದರಾಯಿತು ಎಂದು ಯಾರಾದರೂ ಸೂಚಿಸಬಹುದು. ಆಗ ತಪ್ಪು ಎದುರು ದಿಕ್ಕಿಗೆ ತಿರುಗುತ್ತದೆ. ಇಂಥ ದಾಖಲೆಗಳನ್ನು ಜಾವಾಸ್ಕ್ರಿಪ್ಟ್ 'ಆಬ್ಜೆಕ್ಟ್' ಎಂದು ಕರೆಯುತ್ತದೆ. ಎರಡು ಆಬ್ಜೆಕ್ಟುಗಳೊಳಗಿನ ವಿವರ ಅಕ್ಷರಶಃ ಒಂದೇ ಇದ್ದರೂ ಅವು ಬೇರೆ ಬೇರೆಯಾಗಿ ತಯಾರಾಗಿದ್ದರೆ ಸೆಟ್ ಅವನ್ನು ಬೇರೆ ಎಂದೇ ತಿಳಿಯುತ್ತದೆ. ಒಬ್ಬನೇ ಹುಡುಗ ಎರಡು ಸಲ ಅರ್ಜಿ ತುಂಬಿದ್ದರೆ ಎರಡೂ ಉಳಿಯುತ್ತವೆ. ಮೊದಲು ಮೂವರು ಒಬ್ಬರಾದರು. ಈಗ ಒಬ್ಬನು ಇಬ್ಬರಾದ.

ಹೀಗಾಗಿ ಪ್ರಶ್ನೆಯ ಬೇರು ಕಂಪ್ಯೂಟರಿನಲ್ಲಿಲ್ಲ. 'ಯಾವುದನ್ನು ಒಂದೇ ಎಂದು ತಿಳಿಯಬೇಕು, ಯಾವುದನ್ನು ಬೇರೆ ಎಂದು ತಿಳಿಯಬೇಕು' ಎಂಬುದನ್ನು ಪಟ್ಟಿ ಮಾಡುವ ಮನುಷ್ಯ ಮೊದಲೇ ನಿರ್ಧರಿಸಬೇಕು. ಆ ನಿರ್ಧಾರಕ್ಕೆ ನೆರವಾಗುವುದು ಮೂರನೆಯ ಪಾತ್ರೆ.

ಮೂರನೆಯ ಪಾತ್ರೆ: ಮ್ಯಾಪ್

ಸೆಟ್ ಬಂದ 2015ರಲ್ಲೇ ಬಂದ ಇನ್ನೊಂದು ಪಾತ್ರೆ 'ಮ್ಯಾಪ್'. ಇದರಲ್ಲಿ ಪ್ರತಿಯೊಂದಕ್ಕೂ ಒಂದು ಕೀಲಿ, ಆ ಕೀಲಿಗೆ ತಕ್ಕ ಒಂದು ಬೆಲೆ. ಕೀಲಿ ಎರಡು ಸಲ ಬರುವಂತಿಲ್ಲ. ಬೆಲೆ ಎಷ್ಟು ಸಲ ಬಂದರೂ ಅಡ್ಡಿಯಿಲ್ಲ. ಶಾಲೆಯ ದಾಖಲಾತಿ ಸಂಖ್ಯೆಯನ್ನು ಕೀಲಿಯಾಗಿಸಿ, ಹೆಸರನ್ನು ಬೆಲೆಯಾಗಿಸಿದರೆ 7 ಎಂದರೂ ಗವಿಸಿದ್ದಪ್ಪ, 19 ಎಂದರೂ ಗವಿಸಿದ್ದಪ್ಪ, 31 ಎಂದರೂ ಗವಿಸಿದ್ದಪ್ಪ. ಮೂವರೂ ಕ್ಷೇಮ. ಹಳೆಯ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಹೆಸರಿನ ಎಡಕ್ಕೆ ಸಂಖ್ಯೆ ಬರೆಯುತ್ತಿದ್ದುದು ಇದೇ ಕಾರಣಕ್ಕೆ.

ಕೀಲಿ ಉಳಿದು ಬೆಲೆ ಬದಲಾಗುವುದೂ ಉಂಟು. ಇಟಗಿಯ ಮಹಾದೇವ ದೇವಾಲಯ ಕಟ್ಟಿದ್ದು ಕ್ರಿ.ಶ. 1112ರಲ್ಲಿ. 'ಇಟಗಿ' ಎಂಬ ಕೀಲಿಗೆ ಮೊದಲು ಇದ್ದ ಬೆಲೆ 'ಯಲಬುರ್ಗಾ'. ಯಲಬುರ್ಗಾ ತಾಲ್ಲೂಕನ್ನು ಒಡೆದು ಕುಕನೂರು ತಾಲ್ಲೂಕು ಮಾಡಿದ ಮೇಲೆ ಅದು 'ಕುಕನೂರು' ಆಯಿತು. ಒಂದೇ ಆಜ್ಞೆಯಿಂದ ತಿದ್ದಬಹುದು. ಗುಡಿ ಮಾತ್ರ ಇದ್ದಲ್ಲೇ ಇದೆ.

ಮ್ಯಾಪ್ ಬಳಸುವಾಗಲೂ ಒಂದು ಎಚ್ಚರಿಕೆ ಬೇಕು. 7 ಎಂಬ ಸಂಖ್ಯೆ ಮತ್ತು ಉದ್ಧರಣ ಚಿಹ್ನೆಯೊಳಗಿನ "7" ಎಂಬ ಅಕ್ಷರ ಈ ಪಾತ್ರೆಗಳಿಗೆ ಬೇರೆ ಬೇರೆ. ಒಬ್ಬರು ಸಂಖ್ಯೆಯಾಗಿ ತುಂಬಿ, ಇನ್ನೊಬ್ಬರು ಅಕ್ಷರವಾಗಿ ಹುಡುಕಿದರೆ 'ಇಲ್ಲ' ಎಂಬ ಉತ್ತರ ಬರುತ್ತದೆ, ಹುಡುಗ ಎದುರಿಗೇ ನಿಂತಿದ್ದರೂ!

ಕೊಪ್ಪಳಕ್ಕೆ ಎರಡು ಕೊಪ್ಪಳ

ಕನ್ನಡದಲ್ಲಿ ಪಟ್ಟಿ ಮಾಡುವವರು ಇನ್ನೂ ಒಂದು ವಿಷಯ ತಿಳಿದಿರಬೇಕು. ಕಂಪ್ಯೂಟರಿನಲ್ಲಿ ಜಗತ್ತಿನ ಎಲ್ಲ ಲಿಪಿಗಳಿಗೂ ಸಂಕೇತ ಸಂಖ್ಯೆ ಕೊಡುವ ಪದ್ಧತಿಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ 'ಕೊ' ಎಂಬ ಅಕ್ಷರವನ್ನು ಬರೆಯಲು ಎರಡು ದಾರಿಗಳಿವೆ. 'ಕ' ಜೊತೆಗೆ ಒತ್ವದ ಒಂದೇ ಚಿಹ್ನೆ ಇಡುವುದು ಒಂದು ದಾರಿ. 'ಕ' ಜೊತೆಗೆ ಎತ್ವದ ಚಿಹ್ನೆ, ಅದರ ಮುಂದೆ ಕೊಂಬಿನ ದೀರ್ಘ, ಹೀಗೆ ಎರಡು ಚಿಹ್ನೆ ಇಡುವುದು ಇನ್ನೊಂದು ದಾರಿ. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣಬಹುದು. ಆದರೆ ಮೊದಲ ಬಗೆಯ 'ಕೊಪ್ಪಳ'ದ ಉದ್ದ ಎಷ್ಟೆಂದು ಕೇಳಿದರೆ 6, ಎರಡನೆಯದರದು 7. ಕಣ್ಣಿಗೆ ಕಾಣುವುದು ಮೂರೇ ಅಕ್ಷರ! ಇವೆರಡನ್ನೂ ಒಂದು ಸೆಟ್ಟಿಗೆ ಹಾಕಿದರೆ ಜಿಲ್ಲೆಗೆ ಎರಡು ಕೊಪ್ಪಳಗಳಾಗುತ್ತವೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವಾಗ, ಬೇರೆ ಬೇರೆ ಕಡೆ ತಯಾರಾದ ಪಟ್ಟಿಗಳನ್ನು ಸೇರಿಸುವಾಗ ಇಂಥ ಬೆರಕೆ ಆಗಬಹುದು.

ಜಿಲ್ಲೆಯ ಮೊದಲ ನಾಲ್ಕು ತಾಲ್ಲೂಕುಗಳ ಹೆಸರುಗಳಲ್ಲಿ ಈ ತೊಡಕು ಇರುವುದು ಕೊಪ್ಪಳಕ್ಕೆ ಮಾತ್ರ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಹೀಗೆ ಎರಡು ಬಗೆಯಾಗುವ ಚಿಹ್ನೆಯಿಲ್ಲ. ಇದಕ್ಕೆ ಮದ್ದೂ ಇದೆ. 'ನಾರ್ಮಲೈಜ್' ಎಂಬ ಆಜ್ಞೆ ಎರಡೂ ಬಗೆಗಳನ್ನು ಒಂದೇ ಬಗೆಗೆ ತರುತ್ತದೆ. ಹೆಸರಿನ ಹಿಂದೆ ಮುಂದೆ ಕಾಣದಂತೆ ಉಳಿದ ಖಾಲಿ ಜಾಗವನ್ನು 'ಟ್ರಿಮ್' ತೆಗೆಯುತ್ತದೆ. ಸೆಟ್ಟಿಗೆ ಹಾಕುವ ಮೊದಲು ಇವೆರಡನ್ನೂ ಮಾಡುವುದು ಅಕ್ಕಿ ಬೇಯಿಸುವ ಮೊದಲು ತೊಳೆದಂತೆ.

ಆದರೆ ತೊಳೆದರೆ ಹೋಗದ ಕಲ್ಲುಗಳೂ ಇವೆ. ಯಲಬುರ್ಗಾ, ಯಲಬುರ್ಗ, ಯಲಬುರಗಾ ಎಂದು ಮೂರು ಬಗೆಯಲ್ಲಿ ಬರೆದರೆ ಅವು ನಿಜವಾಗಿಯೂ ಬೇರೆ ಬೇರೆ ಅಕ್ಷರಗಳು. ಗವಿಸಿದ್ದಪ್ಪ ಎಂದು ಒಬ್ಬರು ಬರೆದರೆ ಗವಿಸಿದ್ಧಪ್ಪ ಎಂದು ಇನ್ನೊಬ್ಬರು ಮಹಾಪ್ರಾಣ ಸೇರಿಸುತ್ತಾರೆ. 2014ರ ನವೆಂಬರ್ 1ರಂದು ಗುಲ್ಬರ್ಗಕ್ಕೆ ಕಲಬುರಗಿ ಎಂಬ ಹೆಸರು ಅಧಿಕೃತವಾಯಿತು; ಹಳೆಯ ಅಂಕಪಟ್ಟಿಯಲ್ಲಿ ಹಳೆಯ ಹೆಸರೇ ಇದೆ. ಇವೆಲ್ಲ ಒಂದೇ ಎಂದು ಕಂಪ್ಯೂಟರಿಗೆ ತಾನಾಗಿ ಹೊಳೆಯುವುದಿಲ್ಲ. ಊರು ಬಲ್ಲವರು ಕುಳಿತು ಹೇಳಿಕೊಡಬೇಕು. ಪಾಲಕರು ಮಗುವನ್ನು ಶಾಲೆಗೆ ಸೇರಿಸುವಾಗ ಬರೆಸಿದ ಹೆಸರು, ಜನನ ಪ್ರಮಾಣಪತ್ರದ ಹೆಸರು, ಬ್ಯಾಂಕ್ ಪಾಸ್‌ಪುಸ್ತಕದ ಹೆಸರು ಮೂರೂ ಅಕ್ಷರಕ್ಕೆ ಅಕ್ಷರ ಒಂದೇ ಇರುವಂತೆ ನೋಡಿಕೊಳ್ಳುವುದು ಏಕೆ ಮುಖ್ಯ ಎಂಬುದಕ್ಕೆ ಕಾರಣ ಇಲ್ಲಿದೆ. ಗುಮಾಸ್ತರು ಅಕ್ಷರದ ತಪ್ಪನ್ನು ಕಂಡು ಅಂದಾಜು ಮಾಡಿಕೊಳ್ಳುತ್ತಿದ್ದ ಕಾಲ ಕಳೆಯುತ್ತಿದೆ.

ಬಿಟ್ಟುಹೋದವರನ್ನು ಹುಡುಕುವ ಲೆಕ್ಕ

ಗಣಗಳ ಸಂಯೋಗ, ಛೇದನ, ವ್ಯತ್ಯಾಸ ಪರೀಕ್ಷೆಗೆ ಮಾತ್ರ ಎಂದು ತಿಳಿದ ವಿದ್ಯಾರ್ಥಿಗಳಿಗೆ ಒಂದು ಸುದ್ದಿ. 2025ರ ಜೂನ್‌ನಲ್ಲಿ ಬಂದ ಆವೃತ್ತಿಯಲ್ಲಿ ಈ ಕ್ರಿಯೆಗಳು ಜಾವಾಸ್ಕ್ರಿಪ್ಟಿನ ನಿಯಮಗ್ರಂಥವನ್ನೇ ಸೇರಿವೆ: ಸಂಯೋಗಕ್ಕೆ 'ಯೂನಿಯನ್', ಛೇದನಕ್ಕೆ 'ಇಂಟರ್‌ಸೆಕ್ಷನ್', ವ್ಯತ್ಯಾಸಕ್ಕೆ 'ಡಿಫರೆನ್ಸ್', ಉಪಗಣವೇ ಎಂದು ಕೇಳಲು 'ಈಸ್‌ಸಬ್‌ಸೆಟ್‌ಆಫ್'. ಹೊಸ ಬ್ರೌಸರುಗಳು ಇವನ್ನು ಬಲ್ಲವು. ಹಳೆಯ ಬ್ರೌಸರಿನಲ್ಲಿ 'ಫಿಲ್ಟರ್' ಮತ್ತು 'ಹ್ಯಾಸ್' ಸೇರಿಸಿ ಇದೇ ಕೆಲಸ ಮಾಡಿಕೊಳ್ಳಬಹುದು.

ಜಿಲ್ಲೆಯ ಈಗಿನ ಏಳು ತಾಲ್ಲೂಕುಗಳ ಗಣದಿಂದ 1997ರ ನಾಲ್ಕನ್ನು ಕಳೆದರೆ ಕನಕಗಿರಿ, ಕಾರಟಗಿ, ಕುಕನೂರು ಉಳಿಯುತ್ತವೆ. ಮೊದಲ ನಾಲ್ಕು ಈಗಿನ ಏಳರ ಉಪಗಣ. ಇದು ಸರಳ.

ಈಗ ಮತ್ತೆ ಆ 42 ಮಕ್ಕಳ ತರಗತಿಗೆ ಬರೋಣ. ವಿದ್ಯಾರ್ಥಿವೇತನಕ್ಕೆ 42 ಜನರೂ ಅರ್ಜಿ ಹಾಕಿದ್ದಾರೆ. ಪಾಸ್‌ಪುಸ್ತಕದ ನಕಲು ಕೊಟ್ಟವರು 38 ಜನ. ನಾಳೆ ಕೊನೆಯ ದಿನ. ಕೊಡದ ನಾಲ್ವರು ಯಾರು? ಅರ್ಜಿ ಹಾಕಿದವರ ಗಣದಿಂದ ನಕಲು ಕೊಟ್ಟವರ ಗಣವನ್ನು ಕಳೆದರೆ ಸಾಕು:

ಅರ್ಜಿದಾರರು.ಡಿಫರೆನ್ಸ್(ಕೊಟ್ಟವರು)

ಈ ಗಣಗಳನ್ನು ಹೆಸರಿನಿಂದ ಮಾಡಿದ್ದರೆ ಏನಾಗುತ್ತದೆ ನೋಡಿ. ಇಬ್ಬರು ಗವಿಸಿದ್ದಪ್ಪರು ನಕಲು ಕೊಟ್ಟಿದ್ದಾರೆ, ಮೂರನೆಯವನು ಕೊಟ್ಟಿಲ್ಲ. ಕೊಟ್ಟವರ ಗಣದಲ್ಲಿ 'ಗವಿಸಿದ್ದಪ್ಪ' ಎಂಬ ಹೆಸರು ಇದ್ದೇ ಇದೆ. ಆದ್ದರಿಂದ ವ್ಯತ್ಯಾಸದಲ್ಲಿ ಅದು ಬರುವುದಿಲ್ಲ. ಕಂಪ್ಯೂಟರ್ ಮೂರೇ ಹೆಸರು ಕೊಡುತ್ತದೆ. ಆ ಮೂವರನ್ನು ಕರೆದು ನಕಲು ತರಿಸುತ್ತಾರೆ; 'ಎಲ್ಲ ಮುಗಿಯಿತು' ಎಂದು ಕಡತ ಕಟ್ಟುತ್ತಾರೆ. ನಾಲ್ಕನೆಯ ಹುಡುಗ ಹಿಂದಿನ ಬೆಂಚಿನಲ್ಲೇ ಕುಳಿತಿರುತ್ತಾನೆ. ಅವನನ್ನು ಯಾರೂ ಕರೆಯುವುದಿಲ್ಲ. ತಿಂಗಳುಗಳಾದ ಮೇಲೆ ತಂದೆ ಬ್ಯಾಂಕಿಗೆ ಹೋಗಿ ವಿಚಾರಿಸಿದಾಗ ಹಣ ಬಂದಿರುವುದಿಲ್ಲ. ಯಾಕೆ ಬರಲಿಲ್ಲ ಎಂದು ಹೇಳಲು ಯಾರಿಗೂ ಗೊತ್ತಿರುವುದಿಲ್ಲ.

ಅದೇ ಗಣಗಳನ್ನು ದಾಖಲಾತಿ ಸಂಖ್ಯೆಯಿಂದ ಮಾಡಿದ್ದರೆ 42ರಲ್ಲಿ 38 ಕಳೆದು ಸರಿಯಾಗಿ ನಾಲ್ಕು ಸಂಖ್ಯೆ ಬರುತ್ತವೆ. ನಾಲ್ಕರಲ್ಲಿ ಒಂದು 31. ಮ್ಯಾಪಿನಲ್ಲಿ 31 ಯಾರು ಎಂದು ಕೇಳಿದರೆ ಮೂರನೆಯ ಗವಿಸಿದ್ದಪ್ಪನ ಹೆಸರು ಬರುತ್ತದೆ. ಸಂಜೆಯೊಳಗೆ ಮನೆಗೆ ಹೇಳಿ ಕಳಿಸಬಹುದು. ಮಗುವನ್ನು ಮಾಯ ಮಾಡಿದ್ದೂ ಅದೇ ಗಣ, ಹುಡುಕಿಕೊಟ್ಟಿದ್ದೂ ಅದೇ ಗಣ. ವ್ಯತ್ಯಾಸ ಇದ್ದದ್ದು ಅದರೊಳಗೆ ಏನನ್ನು ಹಾಕಿದರು ಎಂಬುದರಲ್ಲಿ.

ಕಂಪ್ಯೂಟರ್ ಕೊಟ್ಟ ಪಟ್ಟಿಯನ್ನು ನಂಬುವ ಮೊದಲು ಮಾಡಬೇಕಾದ ಕೆಲಸ ಹಳೆಯ ಕಾಲದ್ದೇ: ತಲೆ ಎಣಿಸುವುದು. ತರಗತಿಯಲ್ಲಿ 42 ತಲೆಗಳಿದ್ದು ಪಟ್ಟಿ 39 ಎಂದರೆ ಅಲ್ಲೇ ನಿಲ್ಲಬೇಕು. ಪ್ರವಾಸಕ್ಕೆ ಹೋದ ಶಿಕ್ಷಕರು ಬಸ್ಸು ಹೊರಡುವ ಮೊದಲು ಮಕ್ಕಳನ್ನು ಎಣಿಸುವಂತೆ, ಪಟ್ಟಿ ಮಾಡುವವರು ಪಾತ್ರೆ ಬದಲಿಸಿದಾಗಲೆಲ್ಲ ಒಮ್ಮೆ ಎಣಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ

ಸುಮಾರು 1,200 ವರ್ಷಗಳ ಹಿಂದಿನ 'ಕವಿರಾಜಮಾರ್ಗ'ದಲ್ಲಿ ತಿರುಳ್ಗನ್ನಡದ ನಾಡನ್ನು ಗುರುತಿಸಲು ನಾಲ್ಕು ಊರುಗಳ ಹೆಸರು ಬರುತ್ತವೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ. ಇವುಗಳ ಒಂದು ಸೆಟ್ ಮಾಡಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಇನ್ನೊಂದು ಸೆಟ್ ಮಾಡಿ. ಎರಡರ ಛೇದನವನ್ನು ಕೇಳಿ. ಕಂಪ್ಯೂಟರ್ ಶೂನ್ಯಗಣವನ್ನು ಕೊಡುತ್ತದೆ. ಎರಡೂ ಗಣಗಳಲ್ಲಿ ಒಂದೇ ಬಗೆಯ ಅಕ್ಷರಗಳುಳ್ಳ ಹೆಸರು ಯಾವುದೂ ಇಲ್ಲ ಎಂಬುದು ಅದರ ತೀರ್ಮಾನ.

ಕೊಪಣವೇ ಇಂದಿನ ಕೊಪ್ಪಳ ಎಂಬುದನ್ನು ಒಂದು ಮ್ಯಾಪ್ ಮಾಡಿ ಅದಕ್ಕೆ ಹೇಳಿಕೊಡಿ. ಹಳೆಯ ಹೆಸರು ಕೀಲಿ, ಇಂದಿನ ಹೆಸರು ಬೆಲೆ. ಕಿಸುವೊಳಲಿಗೆ ಪಟ್ಟದಕಲ್ಲು, ಪುಲಿಗೆರೆಗೆ ಲಕ್ಷ್ಮೇಶ್ವರ ಎಂದು ಬರೆದು, ಒಕ್ಕುಂದದ ಇಂದಿನ ಹೆಸರನ್ನು ಇತಿಹಾಸದ ಶಿಕ್ಷಕರಲ್ಲಿ ಕೇಳಿ ತಿಳಿದುಕೊಂಡು ಸೇರಿಸಿ. ಹೆಸರುಗಳನ್ನು ಬದಲಾಯಿಸಿಕೊಂಡು ಮತ್ತೆ ಛೇದನ ಕೇಳಿದರೆ ಈ ಸಲ ಒಂದು ಊರು ಬರುತ್ತದೆ. ಬರದೇ ಹೋದರೆ 'ಕೊಪ್ಪಳ'ದ ಉದ್ದ ಎರಡೂ ಕಡೆ 6 ಇದೆಯೇ ಎಂದು ನೋಡಿಕೊಳ್ಳಿ.